ಚಿಕ್ಕಮ್ಮ ಬರೆಸಿದ ಪತ್ರ

ಚಿಕ್ಕಮ್ಮನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೂ ದೋಸೆ ಕಾವಲಿ ಸುಟ್ಟ ಕಪ್ಪು ಗೆರೆಗಳಿದ್ದವು. ಲಂಡನ್ನಿನ ಹೌನ್ಸ್ಲೋದ ಹೋಟೆಲೊಂದರಲ್ಲಿ ಹನ್ನೊಂದು ವರ್ಷ ಅವಳು ದೋಸೆ ಹುಯ್ದಳು. ಕುಂದಾಪುರದಲ್ಲಿ ಅಮ್ಮ ತೀರಿಕೊಂಡಾಗ ನನಗೆ ಆರು ವರ್ಷ. ಚಿಕ್ಕಮ್ಮ ಲಂಡನ್ನಿಗೆ ಹೊರಡುತ್ತಾಳೆಂದು ತಿಳಿದು, ನನ್ನನ್ನೂ ಕರೆದುಕೊಂಡು ಹೋಗೆಂದು ದಿನವೂ ಅಳುತ್ತಿದ್ದೆ. ಕರೆತಂದಳು. ವೀಸಾ ಮುಗಿದರೂ ನಾವು ಹಿಂದಿರುಗಲಿಲ್ಲ.

ಬೆಲ್ ಸದ್ದಾದರೆ ಅವಳು ಮೊದಲು ಒಲೆ ಆರಿಸುತ್ತಿದ್ದಳು, ಆಮೇಲೆ ಟಿವಿ. ಮೆಟ್ಟಿಲ ಮೇಲಿನ ಹೆಜ್ಜೆಗಳು ದೂರವಾಗುವವರೆಗೆ ಇಬ್ಬರೂ ಅಲುಗದೆ ನಿಲ್ಲುತ್ತಿದ್ದೆವು. ಬಸ್ಸಿನಲ್ಲಿ ಮೇಲಿನ ಅಂತಸ್ತಿಗೆ ಹತ್ತಲು ಬಿಡುತ್ತಿರಲಿಲ್ಲ. ಇಳಿಯುವ ಬಾಗಿಲ ಪಕ್ಕದಲ್ಲೇ ಕೂರಬೇಕು. ಶಾಲೆಯಲ್ಲಿ ನನಗೆ ಬಹುಮಾನ ಬಂದಾಗಲೂ, "ಹೆಸ್ರ್ ಪೇಪರಲ್ಲಿ ಬಪ್ಪುದ್ ಬ್ಯಾಡ" ಎಂದಿದ್ದಳು.

ನನಗೆ ಹದಿನೇಳಾದ ವರ್ಷ ಹೋಟೆಲಿಗೆ ವಲಸೆ ಅಧಿಕಾರಿಗಳು ಬಂದರು. ಅಂದಿನಿಂದ ಚಿಕ್ಕಮ್ಮ ಎರಡು ವಾರಕ್ಕೊಮ್ಮೆ ಅವರ ಕಚೇರಿಗೆ ಹೋಗಿ ಸಹಿ ಹಾಕಬೇಕಾಯಿತು. ಇಬ್ಬರನ್ನೂ ವಾಪಸು ಕಳಿಸುವುದಾಗಿ ಕಾಗದ ಬಂತು. ನನ್ನನ್ನು ಉಳಿಸಿಕೊಳ್ಳಬೇಕೆಂದು ಶಾಲೆಯ ಟೀಚರ್ ಒಂದು ಮನವಿಗೆ ಸಹಿ ಸಂಗ್ರಹಿಸಿದರು. ಹಾಳೆಗಳು ಬೇಗ ಬೇಗ ತುಂಬಿದವು. ಚಿಕ್ಕಮ್ಮನ ಹೆಸರನ್ನೂ ಸೇರಿಸಿದ ಹೊಸ ಹಾಳೆ ಹಿಡಿದು ನಾನೇ ಪಕ್ಕದ ಮನೆಯ ಧಾರವಾಡದ ಆಂಟಿಯ ಬಳಿ ಹೋದೆ. ಅದನ್ನು ಓದಿ ಅವರು ಪೆನ್ನು ಕೆಳಗಿಟ್ಟರು.

"ನಿಂದೇನ್ ತಪ್ಪವಾ, ಸಣ್ಣಾಕಿ ಇದ್ದಿ. ನಿನ್ನ ಸಲುವಾಗಿ ಎಲ್ಲಿ ಬೇಕಾದ್ರೂ ಸೈನ್ ಮಾಡ್ತೀನಿ. ಆದ್ರ ಆಕಿ ತಿಳದ ಮಾಡ್ಯಾಳಲ್ಲ?"

ಮನೆಗೆ ಬಂದು ಹೇಳಿದೆ. ಚಿಕ್ಕಮ್ಮನಿಗೆ ಕೋಪ ಬರಲಿಲ್ಲ.

"ನನ್ ಹೆಸ್ರ್ ತೆಗಿ. ಆಫೀಸಿಗೆ ನಿನ್ ಹೆಸ್ರಲ್ಲೇ ಕಾಗ್ದ ಬರಿ. ನಿನ್ನ ಕೇಣ್ದೆ ನಾನ್ ಕರ್ಕಂಡ್ ಬಂದದ್ದ್, ತಪ್ಪೆಲ್ಲ ನಂದೇ ಅಂತ ಬರಿ."

"ನಾನೇ ಅತ್ತು ಬಂದದ್ದಲ್ವಾ ಚಿಕ್ಕಮ್ಮ?"

"ಅದ್ ಅವ್ರಿಗೆ ಎಂತಕೆ? ಬರಿ, ಹೆಣ್ಣೆ."

ಬರೆದೆ. ಎದುರಿಗೆ ಕುಳಿತು ಇಂಗ್ಲಿಷಿನ ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳಿಸಿಕೊಂಡಳು. ಎರಡು ಕಡೆ ಇನ್ನೂ ಕಠಿಣವಾಗಿ ಬರೆಯಲು ಹೇಳಿದಳು.

ಮುಂದಿನ ಮಂಗಳವಾರ ಸಹಿ ಹಾಕಲು ಒಳಗೆ ಹೋದವಳು ಹೊರಬರಲಿಲ್ಲ. ಕಚೇರಿಯ ಬಾಗಿಲು ಮುಚ್ಚುವವರೆಗೆ ರಸ್ತೆಯಲ್ಲಿ ಕಾದೆ. ಹತ್ತನೆಯ ದಿನ ಕುಂದಾಪುರದಿಂದ ಅವಳ ಫೋನ್ ಬಂತು. ತನ್ನನ್ನು ಹೇಗೆ ಕರೆದೊಯ್ದರೆಂದು ಅವಳು ಹೇಳಲೇ ಇಲ್ಲ. "ಊಟ ಮಾಡ್ದ್ಯಾ?" ಎಂದಷ್ಟೇ ಕೇಳಿದಳು.

ಆ ಚಳಿಗಾಲದಲ್ಲಿ ನನಗೆ ಇಲ್ಲಿರಲು ಅನುಮತಿ ಸಿಕ್ಕಿತು. ಟೀಚರ್ ಅಪ್ಪಿಕೊಂಡರು. ಆಂಟಿ ಸಿಹಿ ತಂದರು. ಊರಿಗೆ ಹೋಗಿಬರಲು ಬೇಕಾದ ಪಾಸ್‌ಪೋರ್ಟ್ ಕೈಸೇರಲು ಇನ್ನೂ ವರ್ಷಗಳು ಹಿಡಿದವು. ಅಷ್ಟರಲ್ಲಿ ಚಿಕ್ಕಮ್ಮ ತೀರಿಕೊಂಡಿದ್ದಳು.

ಲಂಡನ್ನಿನ ಯಾವುದೋ ಕಡತದಲ್ಲಿ ಅವಳು ಇವತ್ತಿಗೂ, ಕೇಳದೆ ಮಗುವನ್ನು ಹೊತ್ತು ತಂದ ಹೆಂಗಸು. ಕೆಳಗೆ ನನ್ನ ಸಹಿಯಿದೆ.