ಅಣ್ಣನ ಹಡಗಿನ ಎಡಮಗ್ಗುಲು

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಆ ಸೀಳಿನಲ್ಲಿ ಯಾವಾಗಲೂ ಬಿಳಿಮಣ್ಣು ಕೂತಿರುತ್ತಿತ್ತು. ಹಬ್ಬದ ಎಣ್ಣೆಸ್ನಾನಕ್ಕೂ ಅದು ಜಗ್ಗುತ್ತಿರಲಿಲ್ಲ. ಗೋಕಾಕದ ನಮ್ಮ ಓಣಿಯಲ್ಲಿ ಕಟ್ಟಿಗೆಯ ಗೊಂಬೆ, ಹಣ್ಣು, ಹಕ್ಕಿ ಮಾಡುತ್ತಿದ್ದ ಅವರನ್ನು ಎಲ್ಲರೂ ಗೊಂಬಿ ಕಾಕಾ ಎನ್ನುತ್ತಿದ್ದರು. ಅವರ ಬಾಳೆಗೊನೆ, ಬದನೆಕಾಯಿಗಳನ್ನು ಮದುವೆಮನೆಗಳಲ್ಲಿ ಬೀಗರ ಮುಂದೆ ಹರವಿಡುತ್ತಿದ್ದರು. ಯಾರಾದರೊಬ್ಬ ಹಿರಿಯ ಬೀಗ ಬಾಳೆಹಣ್ಣು ಸುಲಿಯಲು ಹೋಗಿ ನಗೆಗೀಡಾಗದೆ ಮದುವೆ ಮುಗಿಯುತ್ತಿರಲಿಲ್ಲ.

ಕಾಕಾ ಮಾತ್ರ ನಗುತ್ತಿರಲಿಲ್ಲ. ನಾನು ಕಂಡಂದಿನಿಂದಲೂ ಅವರು ದಣಿದ ಮನುಷ್ಯ. "ಸಾಕಾಗೇತ್ರಿ ಮಾಸ್ತರ, ಇದೊಂದು ಮುಗಿಸಿ ಕೈ ತೊಳಕೋತೀನಿ" ಎನ್ನುತ್ತಲೇ ಮತ್ತೊಂದು ತುಂಡು ಕೈಗೆತ್ತಿಕೊಳ್ಳುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಅವರದು ಬಲು ಹಟ. ಕೆತ್ತಿದ ಕಟ್ಟಿಗೆಗೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಬಿಳಿಮಣ್ಣನ್ನು ಮೇಲಿಂದ ಮೇಲೆ ಬಳಿಯಬೇಕು, ಗಂಟು, ಬಿರುಕು, ಉಳಿಯ ಗುರುತು ಎಲ್ಲವೂ ಮುಚ್ಚಿಹೋಗಬೇಕು, ಆಮೇಲೆ ಬಣ್ಣ. "ಬತ್ತಲೆ ಕಟ್ಟಿಗಿ ನನ್ನ ಹೊಸ್ತಲಾ ದಾಟೂದಿಲ್ಲ" ಎನ್ನುತ್ತಿದ್ದರು.

ನನ್ನ ಅಣ್ಣ ಊರಲ್ಲಿ ಡಾಕ್ಟರ. ಒಮ್ಮೆ ಮುಂಬಯಿಗೆ ಹೋದಾಗ ಅಲ್ಲಿಂದ ಒಂದು ಪೆಟ್ಟಿಗೆ ತಂದ. ಅದರೊಳಗೆ ತೆಳ್ಳನೆಯ ಕಟ್ಟಿಗೆಪಟ್ಟಿ, ಮೂರು ಹಾಯಿಕಂಬ, ದಾರದ ಉಂಡೆ, ಅರಿವೆಯ ತುಂಡು, ಜೊತೆಗೆ ಇಂಗ್ಲಿಷಿನ ಒಂದು ಪುಸ್ತಿಕೆ. ಹೇಳಿದಂತೆ ಜೋಡಿಸಿದರೆ ಮೊಳದುದ್ದದ ಹಾಯಿಹಡಗು ಆಗಬೇಕು. ಅವನು ಸಮುದ್ರದ ಮೇಲೆ ಹೋದವನಲ್ಲ, ಘಟಪ್ರಭೆಯಲ್ಲಿ ಈಸು ಬಿದ್ದವನೂ ಅಲ್ಲ. ಆದರೂ ದವಾಖಾನೆ ಮುಗಿಸಿ ಬಂದು ದಿನಾ ಸಂಜೆ ಆ ಪೆಟ್ಟಿಗೆಯ ಮುಂದೆ ಕೂರುತ್ತಿದ್ದ. ಗಾಯ ಹೊಲಿಯುವಾಗ ನೆಟ್ಟಗಿರುತ್ತಿದ್ದ ಕೈ ಕಟ್ಟಿಗೆಗೆ ಬಂದರೆ ಸೊಟ್ಟ. ಎಡಮಗ್ಗುಲಿಗೆ ಹತ್ತು ಹನ್ನೆರಡು ಪಟ್ಟಿ ಅಂಟಿಸುವುದರೊಳಗೆ ರೋಗಿಗಳಿಂದಲೇ ಜ್ವರ ಹತ್ತಿಸಿಕೊಂಡು ಹೋಗಿಬಿಟ್ಟ.

ಎರಡು ವರ್ಷ ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲ. ಆಮೇಲೆ ಅಣ್ಣನ ಹೆಂಡತಿ, ನನ್ನ ವೈನಿ, ತವರೂರು ಹುಕ್ಕೇರಿಗೆ ಹೋಗಿ ಇರುವುದೆಂದು ನಿಶ್ಚಯವಾಯಿತು. ಆಗ ಅವರೇ ಪೆಟ್ಟಿಗೆ ತೆಗೆದು ನನ್ನ ಮುಂದಿಟ್ಟರು.

"ಕಾಕಾರ ಕಡೆ ಕೊಟ್ಟು ಮುಗಿಸ್ಕೊಂಡ ಬಾ ತಮ್ಮಾ. ಈ ಮನ್ಯಾಗಿಂದು ಮತ್ತೇನೂ ಬ್ಯಾಡ ನನಗ. ಅವ್ರ ಕೈಯಾಂದು ಇದೊಂದು ಒಯ್ತೀನಿ."

ನಾನು ಕೌಜಲಗಿಯ ಸಾಲೆಯಲ್ಲಿ ಮಾಸ್ತರ. ರವಿವಾರ ಊರಿಗೆ ಬಂದು ಕಾಕಾರ ಮುಂದೆ ಕೂತು ಪುಸ್ತಿಕೆ ಓದಿ ಹೇಳುವುದು ನನ್ನ ಪಾಲಿಗೆ ಬಂತು. ಹಡಗು ಕಾಣದ ಇಬ್ಬರು ಹಡಗು ಕಟ್ಟಲು ಕೂತೆವು. "ಈ ದಾರ ಯಾಕ್ರಿ ಇಲ್ಲಿ?" ಎಂದು ಅವರು ಕೇಳುವುದು, "ಪುಸ್ತಕದಾಗ ಐತ್ರಿ ಕಾಕಾ" ಎಂದು ನಾನು ಹೇಳುವುದು. ವಾರವೆಲ್ಲ ಮಕ್ಕಳ ಮುಂದೆ ಕೂಗಿ ಗಂಟಲು ಬಿದ್ದಿರುತ್ತಿತ್ತು, ತಲೆ ಭಾರ. ಕೊನೆಯ ರವಿವಾರ ಒಂದು ಪುಟ ಉಳಿದಿತ್ತು. ನಾನು ಪುಸ್ತಿಕೆ ಮುಚ್ಚಿ, "ಇಷ್ಟ ನೋಡ್ರಿ, ಮುಂದಿಂದು ನಿಮಗ ಗೊತ್ತ ಐತಿ" ಅಂದುಬಿಟ್ಟೆ. ಕಟ್ಟಿಗೆಯನ್ನು ಇದ್ದಂತೆಯೇ ಬಿಟ್ಟು ಎಣ್ಣೆ ಮಾತ್ರ ಒರೆಸಬೇಕೆಂದು ಆ ಪುಟದಲ್ಲಿ ಬರೆದಿತ್ತು. ನಾನು ಅದನ್ನು ಓದಿದ್ದು ಎಲ್ಲ ಆದಮೇಲೆ.

ಮುಂದಿನ ರವಿವಾರ ಬಂದು ನೋಡುತ್ತೇನೆ, ಹಡಗು ಮದುಮಗನಂತೆ ನಿಂತಿದೆ! ಮೈಗೆಲ್ಲ ಬಿಳಿಮಣ್ಣು ಬಳಿದು, ಮೇಲೆ ಮಾವಿನಹಣ್ಣಿನ ಹಳದಿ, ಅಂಚಿಗೆ ಗಿಳಿಹಸಿರು. ಅಣ್ಣನ ಸೊಟ್ಟ ಪಟ್ಟಿಗಳ ಸಂದು ಎಲ್ಲಿತ್ತೆಂದು ಹುಡುಕಿದರೂ ಸಿಗದು. ನನಗೂ ಖುಷಿಯೇ ಆಯಿತು, ಸುಳ್ಳು ಯಾಕೆ ಹೇಳಲಿ. ಆವತ್ತೇ ವೈನಿಯನ್ನು ಕರೆದುಕೊಂಡು ಬಂದೆ.

ವೈನಿ ಎಡಮಗ್ಗುಲನ್ನು ಬೆರಳಿನಿಂದ ತುದಿಯಿಂದ ತುದಿಗೆ ಸವರಿದರು. ಮತ್ತೊಮ್ಮೆ ಸವರಿದರು.

"ಅವ್ರು ಹಚ್ಚಿದ ಪಟ್ಟಿ ಯಾವ್ರಿ ಕಾಕಾ?"

"ಈಗ ಗೊತ್ತಾಗಂಗಿಲ್ರಿ ಅವ್ವಾರ. ಸೊಟ್ಟ ಇದ್ದದ್ದೆಲ್ಲಾ ಮಣ್ಣ ತುಂಬಿ ನೆಟ್ಟಗ ಮಾಡೇನಿ."

"ಚಲೋ ಆಗೇತ್ರಿ" ಎಂದರು ವೈನಿ. ಸೆರಗು ಹೊದ್ದುಕೊಂಡು ಮೆಟ್ಟಿಲಿಳಿದು ಹೋದರು. ಹಡಗನ್ನು ಒಯ್ಯಲಿಲ್ಲ.

ಕಾಕಾ ಬಾಗಿಲಲ್ಲಿ ನಿಂತು ಅವರು ಹೋದ ದಾರಿಯನ್ನೇ ನೋಡಿದರು. ನಾನು ಪುಸ್ತಿಕೆಯ ಕಡೆಯ ಪುಟ ತೆಗೆದು ಓದಿ ಹೇಳಿದೆ, ತಪ್ಪು ನನ್ನದೆಂದೂ ಹೇಳಿದೆ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ.

"ನಾಲ್ವತ್ತು ವರ್ಷದ ಚಟ ಮಾಸ್ತರ. ಡಾಕ್ಟರ್ ಸಾಹೇಬ್ರ ಕೈ ಗುರುತ ಒರಸಿ ಬಿಟ್ನಲ್ರಿ ನಾ."

ವೈನಿ ಹುಕ್ಕೇರಿಗೆ ಹೊರಡಲು ಒಂದು ತಿಂಗಳು ಉಳಿದಿತ್ತು. ಕಾಕಾ ಮದುವೆಯ ಕೆಲಸವನ್ನೆಲ್ಲ ಬೇರೆಯವರಿಗೆ ಬಿಟ್ಟುಕೊಟ್ಟು, ಕಂಬ, ದಾರ, ಹಾಯಿ ಎಲ್ಲ ಬಿಚ್ಚಿ, ಹಸಿ ಅರಿವೆ ಹಿಡಿದು ಕೂತರು. ಬಣ್ಣದ ಮೇಲೆ ಇನ್ನೂ ಮೆರುಗೆಣ್ಣೆ ಬಿದ್ದಿರಲಿಲ್ಲ, ಅದೇ ಪುಣ್ಯ. ನೀರು ಹೆಚ್ಚಾದರೆ ಅಣ್ಣನ ಅಂಟೇ ಬಿಡುತ್ತದೆ, ಕಮ್ಮಿಯಾದರೆ ಮಣ್ಣು ಬಿಡುವುದಿಲ್ಲ. ದಿನಕ್ಕೆ ನಾಲ್ಕು ಬೆರಳಿನಷ್ಟು ಜಾಗ. ಸಂದುಗಳಿಗೆ ಬೇವಿನ ಕಡ್ಡಿ. ಕೆಮ್ಮು ಬಂದರೆ ಹಡಗನ್ನು ದೂರ ಇಟ್ಟು, ಕೆಮ್ಮಿ ಮುಗಿಸಿ ಮತ್ತೆ ತೊಡೆಯ ಮೇಲೆ ಎಳೆದುಕೊಳ್ಳುತ್ತಿದ್ದರು. "ಬಿಡ್ರಿ ಕಾಕಾ, ಸಾಕು" ಎಂದೆ ಒಮ್ಮೆ. 'ಸಾಕಾಗೇತಿ' ಎಂಬ ಮಾತನ್ನು ಅವರು ಆಡುವುದು ಬಿಟ್ಟು ಎಷ್ಟು ದಿನವಾಗಿತ್ತೋ, ನನಗೆ ಆಗಲೇ ಹೊಳೆದದ್ದು.

ಮೂರನೆಯ ರವಿವಾರ ಎಡಮಗ್ಗುಲಿನಲ್ಲಿ ಪಟ್ಟಿಯ ಲೆಕ್ಕಕ್ಕೆ ಪೆನ್ಸಿಲಿನಲ್ಲಿ ಬರೆದ ಒಂದು ಅಂಕಿ ಕಂಡಿತು. ಅಣ್ಣನ ಏಳು, ಬಾಲ ಯಾವಾಗಲೂ ಉದ್ದ. ಅದರ ಪಕ್ಕದಲ್ಲಿ ಒಣಗಿದ ಅಂಟಿನ ಹನಿ, ಹನಿಯೊಳಗೆ ಬೆರಳಿನ ಗುರುತು. ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತೆ. ಅಣ್ಣ ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ.

ಹೊರಡುವ ದಿನ ಬಂದಾಗ ಎರಡು ಕಂಬಗಳಿಗಷ್ಟೇ ಮತ್ತೆ ದಾರ ಬಿಗಿದಾಗಿತ್ತು, ಮೂರನೆಯದು ಬೋಳು. ಕಾಕಾ ತಾವೇ ಹಡಗನ್ನು ಎತ್ತಿಕೊಂಡು ಚಕ್ಕಡಿಯವರೆಗೆ ಬಂದರು. "ಪೂರಾ ಆಗಲಿಲ್ರಿ ಅವ್ವಾರ. ಬತ್ತಲೇನ ಕೊಡಾಕತ್ತೇನಿ." ವೈನಿ ಹಡಗನ್ನು ತೊಡೆಯ ಮೇಲಿಟ್ಟುಕೊಂಡರು. ಬೆರಳು ತಾನಾಗಿ ಆ ಏಳರ ಮೇಲೆ ಹೋಗಿ ನಿಂತಿತು. "ಇಷ್ಟ ಬೇಕಾಗಿತ್ರಿ ಕಾಕಾ" ಎಂದರು. ಚಕ್ಕಡಿ ಓಣಿ ತಿರುಗುವವರೆಗೆ ಬೆರಳು ತೆಗೆಯಲಿಲ್ಲ.

ಆ ಚಳಿಗಾಲ ಕಾಕಾ ತೀರಿಕೊಂಡರು. ನನಗೆ ಸುದ್ದಿ ತಡವಾಗಿ ಮುಟ್ಟಿತು. ನಾನು ಹೋದಾಗ ಅವರ ಮಗ ಬಟ್ಟಲಲ್ಲಿ ಬಿಳಿಮಣ್ಣು ಕಲಸುತ್ತಿದ್ದ. ಎದುರಿಗೆ ಅಪ್ಪ ಅರ್ಧ ಕೆತ್ತಿಟ್ಟ ಒಂದು ಗಿಳಿ.

"ಅಪ್ಪಂದು ಕಡೇದು. ಪೂರಾ ಮಾಡಿ ಇಡಬೇಕಂತ ಮಾಡೇನ್ರಿ" ಎಂದ.

ನಾನು ಅವನ ಕೈ ಹಿಡಿದುಕೊಂಡೆ. "ಮುಟ್ಟಬ್ಯಾಡ. ಹಂಗ ನನಗ ಕೊಡು."

ಅದು ಈಗಲೂ ನನ್ನ ಮೇಜಿನ ಮೇಲಿದೆ. ಮೈತುಂಬ ಅವರ ಉಳಿಯ ಗುರುತುಗಳು. ಒಂದು ರೆಕ್ಕೆ ಇನ್ನೂ ಕಟ್ಟಿಗೆಯೊಳಗೇ ಇದೆ.