ಗ್ರೀಕರ ಕೋಸಂಬರಿ

ದೊಡ್ಡಪತ್ರೆಯ ಎಲೆ ಮೂಸಿ ಅಳುವ ಹೆಂಗಸನ್ನು, ಧಾರವಾಡದ ನನ್ನ ಓಣಿಯವರೇ, ನಿಮ್ಮಲ್ಲಿ ಯಾರಾದರೂ ಕಂಡಿದ್ದೀರಾ? ನಾನು ಕಂಡೆ. ರಾಜಾಜಿನಗರದ ಮನೆಗೆ ಬಂದು ಇನ್ನೂ ಟ್ರಂಕು ಬಿಚ್ಚಿರಲಿಲ್ಲ, ಹಿತ್ತಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದೆ. ಪಕ್ಕದ ಮನೆಯ ಮೋಟುಗೋಡೆಯ ಮೇಲಿಂದ ಒಂದು ಕೈ ಇಳಿದು ಬಂತು. ಸುಣ್ಣ ಬಳಿದಂಥ ಬಿಳಿ ಕೈ, ಅದರ ತುಂಬ ಹಸಿರು ಬಳೆ. ಧಾರವಾಡದಿಂದ ತುಪ್ಪದ ಡಬ್ಬಿಯಲ್ಲಿ ಮಣ್ಣು ಹಾಕಿ, ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ ನನ್ನ ದೊಡ್ಡಪತ್ರೆಯಿಂದ ಆ ಕೈ ಒಂದೆಲೆ ಕಿತ್ತಿತು. "ಯಾರ್ರೀ ಅದು?" ಎಂದು ಗದರಿಸಿ ಎದ್ದು ನೋಡಿದರೆ, ಸೀರೆ ಉಟ್ಟ ಬಿಳಿಯ ಹೆಂಗಸೊಬ್ಬಳು ಎಲೆಯನ್ನು ಮೂಗಿಗೆ ಒತ್ತಿಕೊಂಡು ಗೊಳೋ ಎಂದು ಅಳುತ್ತಿದ್ದಾಳೆ!

"ಇದು ನಮ್ಮ ಊರು ವಾಸನೆ," ಎಂದಳು. ಕನ್ನಡದಲ್ಲಿ! "ರೀಗಾನಿ. ನೀನು ಎಲ್ಲಿ ತಂದೆ?"

ಅವಳ ಹೆಸರು ಎಲೆನಿ, ಗ್ರೀಸ್ ದೇಶದವಳು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ಕಡೆ ಹೋದ ನಮ್ಮ ಸಿಪಾಯಿಗಳಲ್ಲಿ ಕೆಂಗೇರಿಯ ರಾಮಯ್ಯ ಎಂಬುವನೂ ಒಬ್ಬ. ಅವನು ಇವಳನ್ನು ಮದುವೆಯಾಗಿ ಕರೆತಂದ. ಕೆಂಗೇರಿಯ ಮನೆಯವರು ಹೊಸಿಲು ತುಳಿಯಗೊಡಲಿಲ್ಲ. ರಾಮಯ್ಯ ಲಾರಿ ರಿಪೇರಿ ಕೆಲಸ ಹಿಡಿದು ರಾಜಾಜಿನಗರದಲ್ಲಿ ಮನೆ ಮಾಡಿದ. ರೀಗಾನಿ ಎಂದರೆ ಅವಳ ಊರಿನ ಗುಡ್ಡದಲ್ಲಿ ತಾನಾಗಿ ಬೆಳೆಯುವ ಸೊಪ್ಪಂತೆ. ಒಣಗಿಸಿಟ್ಟು, ಅಡಿಗೆಗೆಲ್ಲ ಉದುರಿಸುತ್ತಾರಂತೆ. ನಾನು ಕೆಮ್ಮು ಬಂದರೆ ಇರಲಿ ಎಂದು ತಂದ ಗಿಡ ಅವಳಿಗೆ ತವರು ಮನೆಯಾಗಿ ಕಂಡಿತು.

ರಾಜಾಜಿನಗರ ಹೇಗಿದೆ ಎಂದು ನೀವು ಕೇಳುತ್ತೀರಿ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಮನೆಗಳ ಸಾಲು. ಮೊದಲ ವಾರ ನಾನೇ ಬೇರೆಯವರ ಅಡಿಗೆಮನೆಗೆ ಸೀದಾ ನಡೆದುಬಿಟ್ಟಿದ್ದೆ. ಮರವಿಲ್ಲ, ನೆರಳಿಲ್ಲ, ಬರೀ ಕೆಂಪು ಧೂಳು. ನಮ್ಮ ಕಡೆ ಗುಡಿಯ ಗಂಟೆ ಕೇಳಿ ಒಲೆ ಹಚ್ಚುತ್ತೇವೆ. ಇಲ್ಲಿ 'ಕೂಗು' ಆಗಬೇಕು. ಕೂಗು ಎಂದರೆ ಕಾರ್ಖಾನೆಯ ಶಿಳ್ಳು. ಆ ಕೂಗು ಕೇಳಿದರೆ ಸಾಕು, ನನ್ನವರು ಬಾಯಲ್ಲಿದ್ದ ತುತ್ತು ನುಂಗದೆ ಸೈಕಲ್ ಹತ್ತುತ್ತಾರೆ. ಆಮೇಲೆ ಸಂಜೆಯ ಕೂಗಿನ ತನಕ ಮನೆಯಲ್ಲಿ ನಾನೊಬ್ಬಳೇ.

ಭಾಷೆ ಕನ್ನಡವೇ, ಇನ್ನೇನು ಭಯ ಎಂದುಕೊಂಡು ಬಂದವಳು ನಾನು. ನಾನು "ಬರ್ರಿ, ಕುಂದರ್ರಿ" ಎಂದರೆ ಎದುರುಮನೆಯ ನಂಜಮ್ಮನವರು ಬಾಗಿಲಲ್ಲೇ ನಿಂತುಬಿಟ್ಟರು. "ಏನ್ರೀ, ಜಗಳಕ್ಕೆ ಕರೀತಾ ಇದೀರಾ ಅಂದ್ಕೊಂಡೆ!" ಎಂದು ನಕ್ಕರು. ನಂಜಮ್ಮನವರು ಮೇಷ್ಟರ ಹೆಂಡತಿ. ನಮ್ಮ ಬೀದಿಯಲ್ಲಿ ಯಾರು ಯಾರ ಮನೆಗೆ ಹೋಗಬೇಕು, ಹೋಗಬಾರದು ಎಂಬುದೆಲ್ಲ ಅವರ ಮುಖ ನೋಡಿಯೇ ತೀರ್ಮಾನ. ನಾನು ರೊಟ್ಟಿ ಬಡಿಯುವ ಸದ್ದು ಕೇಳಿ, "ಒಳಗೇ ಬಟ್ಟೆ ಒಗೀತೀರಾ?" ಎಂದು ಇನ್ನೊಂದು ದಿನ ಕೇಳಿದರು. ನಾನೂ ನಕ್ಕೆ. ನಕ್ಕು ಒಳಗೆ ಬಂದು ರೊಟ್ಟಿಯ ಹಿಟ್ಟನ್ನು ಇನ್ನಷ್ಟು ಜೋರಾಗಿ ಬಡಿದೆ.

ಅಲ್ಲಿ ನಮ್ಮ ಓಣಿಯಲ್ಲಿ ಒಬ್ಬರ ಮನೆಯ ಪಲ್ಯ ಇನ್ನೊಬ್ಬರ ತಾಟಿಗೆ ಬೀಳದ ದಿನವಿತ್ತೇ? ಇಲ್ಲಿ ನನ್ನ ಮನೆಯ ಒಂದು ತುತ್ತು ಯಾರ ಬಾಯಿಗೂ ಹೋಗಿರಲಿಲ್ಲ. ಎಲ್ಲರೂ ಸಭ್ಯರು, ಬೈಯುವವರಲ್ಲ. ಬಂದು ನಿಂತು ಮಾತಾಡಿ ಹೋಗುತ್ತಾರೆ. ನನ್ನ ಹೆಸರು ಕೂಡ ಯಾರೂ ಹಿಡಿಯುವುದಿಲ್ಲ. ನಾನು 'ಧಾರವಾಡದೋರು', ಎಲೆನಿ 'ಬಿಳಿಯಮ್ಮ'. ನನಗೆ ಬೇಕಾಗಿದ್ದದ್ದು ಒಂದೇ. ನನ್ನ ಮನೆಯ ಚಾಪೆಯ ಮೇಲೆ ನಾಲ್ಕು ಜನ ಕೂತು, ನಾನು ಬಡಿಸಿದ್ದನ್ನು ತಿಂದು, ಇನ್ನಷ್ಟು ಹಾಕಿ ಅನ್ನಬೇಕು. ಅಷ್ಟಾದರೆ ಈ ಊರಲ್ಲಿ ಬೇರು ಬಿಟ್ಟೇನು, ಇಲ್ಲದಿದ್ದರೆ ಡಬ್ಬಿಯ ಗಿಡವೇ ಗತಿ ಅನಿಸಿತ್ತು.

ಆ ಬೇಸಿಗೆ ಚೈತ್ರಗೌರಿಯನ್ನು ಕೂರಿಸಿಬಿಡೋಣ ಎಂದು ಹಟ ಹಿಡಿದೆ. ನಿಮಗೆ ಹೇಳಬೇಕಾಗಿಲ್ಲ: ಗೌರಿಯನ್ನು ತೂಗುಮಂಚದಲ್ಲಿಟ್ಟು, ಮುತ್ತೈದೆಯರನ್ನು ಕರೆದು, ಅರಿಸಿನ ಕುಂಕುಮ ಕೊಟ್ಟು, ಪಾನಕ, ಕೋಸಂಬರಿ ಹಂಚುವುದು. ನಮ್ಮ ಬೀದಿಯಲ್ಲಿ ಅದು ಯಾರಿಗೂ ಗೊತ್ತಿಲ್ಲ. "ಗೌರಿ ಭಾದ್ರಪದದಲ್ಲಿ ಅಲ್ವೇನ್ರೀ ಬರೋದು?" ಎಂದರು ನಂಜಮ್ಮ. "ನಮ್ಮ ಕಡೆ ಬ್ಯಾಸಿಗ್ಯಾಗೂ ಬರ್ತಾಳ್ರೀ," ಎಂದೆ. ಬರುತ್ತೇವೆ ಎಂದರು.

ಗೋಡೆಯ ಆಚೆಯಿಂದ ಎಲೆನಿ ಕೇಳಿದಳು: "ನಾನು ಏನು ಮಾಡಲಿ?"

ಇಲ್ಲಿದೆ ನೋಡಿ ಕಷ್ಟ. ಮುಸುರೆಯ ಲೆಕ್ಕ ನಿಮಗೂ ಗೊತ್ತು. ನೀರಿನಲ್ಲಿ ಬೇಯಿಸಿದ್ದು ಕಂಡವರ ಕೈಯಿಂದ ನಡೆಯುವುದಿಲ್ಲ. ಹಣ್ಣು, ಕೋಸಂಬರಿ, ಹಸಿಯಾದದ್ದು ನಡೆಯುತ್ತದೆ. ಎಲೆನಿ ಬೇಸಿಗೆಯಲ್ಲಿ ಮಾಡುತ್ತಿದ್ದ ಒಂದು ತಿಂಡಿ, ನಾನು ಬಾಯಿಗಿಡದಿದ್ದರೂ, ಗೋಡೆಯ ಮೇಲಿಂದ ನೋಡಿಯೇ ನನಗೆ ಬಹಳ ಹಿಡಿಸಿತ್ತು. ಮ್ಯಾಕರೋನಿ ಎಂಬ ಕೊಳವೆ ಶ್ಯಾವಿಗೆಯನ್ನು ಬೇಯಿಸಿ, ಆರಿಸಿ, ಸೌತೆಕಾಯಿ, ಟೊಮೇಟೊ ಕಲಸುವುದು. ನೋಡಲು ನಮ್ಮ ಕೋಸಂಬರಿಯ ದೊಡ್ಡಕ್ಕನ ಹಾಗಿತ್ತು. ಬೇಯಿಸುವ ಕೆಲಸ ನಾನೇ ಮಡಿಯಲ್ಲಿ ಮಾಡುತ್ತೇನೆ, ನೀನು ಹಿತ್ತಲ ಮೆಟ್ಟಿಲ ಮೇಲೆ ಕೂತು ಹೇಳಿಕೊಡು ಎಂದೆ. ಹಾಗೆ ಮಾಡಿದರೆ ಯಾರ ಬಾಯಿಗೂ ಅಡ್ಡಿಯಿಲ್ಲ ಎಂದುಕೊಂಡೆ. ಜನ ತಿಂದು ಹೊಗಳಿದ ಮೇಲೆ ಅವಳನ್ನು ನಡುಮನೆಗೆ ಕರೆದು, ಇದು ಇವಳ ಊರಿನದು ಎಂದು ಹೇಳುವುದು ನನ್ನ ಹೂಟ.

ಮ್ಯಾಕರೋನಿಗೆ ದಂಡಿಗೆ ಹೋಗಬೇಕು. ಸೋಲ್ಜರುಗಳಿದ್ದ ಆ ಕಡೆಯ ಬೆಂಗಳೂರಿಗೆ ಇಲ್ಲಿಯವರು ದಂಡು ಅನ್ನುತ್ತಾರೆ. ರಾಮಯ್ಯ ತಂದುಕೊಟ್ಟ. ಅವರ ಊರಿನಲ್ಲಿ ಎಣ್ಣೆ ಎಂದರೆ ಆಲಿವ್ ಎಣ್ಣೆಯಂತೆ, ಕೊಡಗಟ್ಟಲೆ ಸುರಿಯುತ್ತಾರಂತೆ. ಇಲ್ಲಿ ಅದು ಔಷಧಿ ಅಂಗಡಿಯಲ್ಲಿ ಹೆಬ್ಬೆರಳುದ್ದದ ಸೀಸೆಯಲ್ಲಿ ಸಿಗುತ್ತದೆ. "ಯಾರಿಗಮ್ಮ ಕಿವಿ ನೋವು?" ಎಂದು ಅಂಗಡಿಯವರು ಕೇಳಿದರು. ನಾನು, ಎಲೆನಿ ದಾರಿಯುದ್ದಕ್ಕೂ ನಕ್ಕೆವು. ಆ ಎಣ್ಣೆಗೆ ಶೇಂಗಾ ಎಣ್ಣೆ ಬೆರೆಸಿದೆವು. ಅವರು ಚೀಸ್ ಎಂದು ಹಾಕುವ ಉಪ್ಪು ಗಿಣ್ಣಿನ ಬದಲು, ಶ್ರೀಖಂಡಕ್ಕೆ ಮಾಡುವ ಹಾಗೆ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ಉಪ್ಪು ಕಲಸಿದೆ. ಕಪ್ಪು ಆಲಿವ್ ಕಾಯಿಯ ಬದಲು ಉಪ್ಪಿನಲ್ಲಿಟ್ಟ ನೆಲ್ಲಿಕಾಯಿ. ಕುರುಬರಹಳ್ಳಿಯ ಮುದುಕಿ ಬುಟ್ಟಿಯಲ್ಲಿ ಹೊತ್ತು ತಂದ ಎಳೆ ಸೌತೆ. ಕೊನೆಯಲ್ಲಿ ನಿಂಬೆಹುಳಿ, ಬಿಸಿಲಿಗೆ ಬಾಡಿಸಿದ ದೊಡ್ಡಪತ್ರೆ.

"ಈರುಳ್ಳಿ?" ಎಂದಳು ಮೆಟ್ಟಿಲ ಮೇಲಿಂದ.

"ಉಳ್ಳಾಗಡ್ಡಿ ದೇವರಿಗೆ ನಡಿಯೂದಿಲ್ಲವ್ವಾ."

"ಈರುಳ್ಳಿ ಇಲ್ಲ, ನನ್ನ ಕೈ ಇಲ್ಲ," ಎಂದಳು. "ಸರಿ, ಮಾಡು." ಅವಳ ಹಣೆಗೆ ಕುಂಕುಮ ಹಚ್ಚಿದೆ. ಅವಳು ಮೆಟ್ಟಿಲ ಮೇಲೆಯೇ ಉಳಿದಳು.

ಸಂಜೆ ಬೀದಿಗೆ ಬೀದಿಯೇ ಬಂತು! ನಡುಮನೆಯಲ್ಲಿ ಹೂವು, ಗಂಧ, ಹೊಸ ಸೀರೆಗಳ ಸರಸರ. ನನಗೆ ಎದೆಯುಬ್ಬಿ ಅಳು ಬರುವಂತಾಗಿತ್ತು. ಪಾನಕ ಕುಡಿದರು, ಕಡಲೆ ಉಡಿಗೆ ಹಾಕಿಸಿಕೊಂಡರು. ಆಮೇಲೆ ನಾನು ಎಲೆದೊನ್ನೆಗಳಲ್ಲಿ ಅದನ್ನು ತಂದೆ.

ನಂಜಮ್ಮ ದೊನ್ನೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಬೇಯ್ಸಿದ್ದಾ ಇದು?"

"ನಾನ ಬೇಯಿಸೀನ್ರೀ, ಮಡೀಲೆ. ಗೋದಿ ಶ್ಯಾವಿಗಿ."

ಅವರು ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದರು. ಅಲ್ಲಿ ಎಲೆನಿಯ ಸೆರಗಿನ ಅಂಚು ಕಾಣುತ್ತಿತ್ತು. "ನಂಗಿವತ್ತು ಒಪ್ಪತ್ತು ಕಣ್ರೀ," ಎಂದು ದೊನ್ನೆಯನ್ನು ಮೆಲ್ಲಗೆ ಚಾಪೆಯ ಮೇಲಿಟ್ಟರು.

ಒಪ್ಪತ್ತಂತೆ! ಒಪ್ಪತ್ತಿನವರು ಮೂರು ಲೋಟ ಪಾನಕ ಕುಡಿದದ್ದನ್ನು ನಾನು ನೋಡಿಲ್ಲವೇ? ಅವರ ಪಕ್ಕದವರಿಗೂ ಒಪ್ಪತ್ತು, ಅವರ ಸೊಸೆಗೂ ಒಪ್ಪತ್ತು. ವಯಸ್ಸಿನ ಹುಡುಗಿಯರು ಕೆಲವರಿಗೆ ನನ್ನ ಮನಸ್ಸು ನೋಯಿಸಲು ಇಷ್ಟವಿರಲಿಲ್ಲ ಎಂದು ಕಾಣುತ್ತದೆ. ಅವರು ಬೆರಳ ತುದಿಯಿಂದ ಸೌತೆಕಾಯಿ ಹೋಳುಗಳನ್ನು ಮಾತ್ರ ಆರಿಸಿ ಆರಿಸಿ ತಿಂದರು. "ಸೌತೆಕಾಯಿ ತುಂಬಾ ಚೆನ್ನಾಗಿದೆ ಅಕ್ಕ," ಎಂದಳು ಒಬ್ಬಳು. ಅದನ್ನು ಕೇಳಿ ನನಗೆ ನಂಜಮ್ಮನ ಮೇಲೆ ಬಂದುದಕ್ಕಿಂತ ಹೆಚ್ಚು ಸಿಟ್ಟು ಬಂತು.

ಎಲ್ಲರೂ ಹೋದರು. ನಡುಮನೆಯ ತುಂಬ ದೊನ್ನೆಗಳು, ಕೆಲವು ಯಾರೂ ಬೆರಳಿಡದವು, ಉಳಿದವುಗಳ ತುಂಬ ಬರೀ ಬಿಳಿ ಕೊಳವೆಗಳು. ಎಲೆನಿ ಒಳಗೆ ಬಂದು ಸುತ್ತ ನೋಡಿದಳು. ನೆಲದ ಮೇಲೆ ಕೂತು ದೊನ್ನೆಯೊಂದನ್ನು ಎತ್ತಿಕೊಂಡು, ಅದರಲ್ಲಿ ಉಳಿದದ್ದನ್ನು ತಿನ್ನತೊಡಗಿದಳು.

"ಅಯ್ಯ, ಬಿಡ ಅದನ್ನ! ಎಂಜಲ ಅದು!"

"ಅಲ್ಲ," ಎಂದಳು. "ಊಟ."

ಇನ್ನೊಂದು ದೊನ್ನೆ ಎತ್ತಿಕೊಂಡಳು. ತಿನ್ನುತ್ತಲೇ ಹೇಳಿದಳು. ಯುದ್ಧದ ಚಳಿಗಾಲದಲ್ಲಿ ಅವಳ ಊರಿಗೆ ಕಾಳು ಬರುವುದು ನಿಂತುಹೋಯಿತಂತೆ. ಅವಳ ತಾಯಿ ಸಿಪಾಯಿಗಳು ಎಸೆದ ಆಲೂಗಡ್ಡೆ ಸಿಪ್ಪೆ ಆರಿಸಿ ತಂದು ಬೇಯಿಸಿ ಇವಳಿಗೆ ಹಾಕಿ, ತಾನು ತಿನ್ನದೆ ಸತ್ತಳಂತೆ. "ಆ ದಿನ ಯಾರೂ ಎಂಜಲು ಹೇಳಲಿಲ್ಲ," ಎಂದಳು. ಅವಳು ಅಳುತ್ತಿರಲಿಲ್ಲ. ಅಳುತ್ತಿದ್ದವಳು ನಾನು.

ಬೇರೆಯವರ ದೊನ್ನೆ ಮುಟ್ಟಲು ನನ್ನಿಂದ ಆಗಲಿಲ್ಲ. ಆದರೆ ಯಾರೂ ಮುಟ್ಟದ ದೊಡ್ಡ ಪಾತ್ರೆಯನ್ನು ನಡುವೆ ಎಳೆದುಕೊಂಡು ಅವಳ ಎದುರು ಕೂತೆ. ಇಬ್ಬರೂ ಅದೇ ಪಾತ್ರೆಗೆ ಕೈ ಹಾಕಿದೆವು. ಬಹಳ ರುಚಿಯಾಗಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಗೌರಿಗೆ ಏರಿಸಲೆಂದು ತಂದು ಮರೆತುಹೋದ ತಮ್ಮ ಕುಂಕುಮದ ಬಟ್ಟಲಿಗಾಗಿ ನಂಜಮ್ಮ ತಿರುಗಿ ಬಂದಿದ್ದರು. ಎಲೆನಿಯ ಸುತ್ತ ಬಿದ್ದ ದೊನ್ನೆಗಳನ್ನು ನೋಡಿದರು, ಪಾತ್ರೆಯೊಳಗಿನ ನಮ್ಮ ಎರಡು ಕೈಗಳನ್ನು ನೋಡಿದರು. ಬಟ್ಟಲು ತೆಗೆದುಕೊಂಡು, "ಬರ್ತೀನಿ," ಎಂದು ಹೋದರು. ಅವರು ಆಮೇಲೆ ಎಂದೂ ಬರಲಿಲ್ಲ, ಬೀದಿಯವರು ಯಾರೂ ಬರಲಿಲ್ಲ. ನಲ್ಲಿಯ ಹತ್ತಿರ ನನ್ನ ಕೊಡ ಕಂಡರೆ ಮಾತು ನಿಲ್ಲುತ್ತಿತ್ತು.

"ನಿಮ್ಮೂರಾಗ ಇದನ್ನ ಯಾವ ಹಬ್ಬಕ್ಕ ಮಾಡ್ತೀರಿ?" ಎಂದು ಆ ಸಂಜೆ ನಾನು ಎಲೆನಿಯನ್ನು ಕೇಳಿದ್ದೆ.

"ನಮ್ಮ ಊರಲ್ಲಿ ಇದು ಇಲ್ಲ," ಎಂದಳು. "ಅಲ್ಲಿ ಸೌತೆಕಾಯಿ ಬೇರೆ, ಮ್ಯಾಕರೋನಿ ಬೇರೆ. ಎರಡೂ ಸೇರಿಸಿದರೆ ನನ್ನ ಅಜ್ಜಿ ಹೊಡೆಯುತ್ತಿದ್ದಳು. ಇದು ನಾನು ಇಲ್ಲಿ ಮಾಡಿದ್ದು. ಇಲ್ಲಿ ಜನ ತಿನ್ನಲಿ ಅಂತ."

ಮಳೆಗಾಲಕ್ಕೆ ಮೊದಲೇ ರಾಮಯ್ಯನಿಗೆ ಉತ್ತರದ ಕಡೆ ಎಲ್ಲೋ ಕೆಲಸ ಸಿಕ್ಕಿತು. ಹೋಗುವಾಗ ಎಲೆನಿ ದೊಡ್ಡಪತ್ರೆಯ ಒಂದು ಕಡ್ಡಿಯನ್ನು ಹಸಿಬಟ್ಟೆಯಲ್ಲಿ ಸುತ್ತಿಕೊಂಡಳು. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಸಭ್ಯರು. ಗೋಡೆಯ ಆಚೆಯಿಂದ ಯಾರೂ ಕೈ ಚಾಚುವುದಿಲ್ಲ.

ಈ ವರ್ಷ ಚೈತ್ರಗೌರಿಗೆ ನಾನು ಧಾರವಾಡಕ್ಕೆ ಬಂದೆ, ನಿಮಗೆ ನೆನಪಿದೆಯಲ್ಲ. ಅವ್ವನ ಮನೆಯಲ್ಲಿ, ಬೇಡವೆಂದರೂ ಕೇಳದೆ, ಅದನ್ನೇ ಮಾಡಿದೆ. ನಮ್ಮವರ ಮುಂದೆ ಏನು ಸಂಕೋಚ ಎಂಬ ಧೈರ್ಯ. ಅಣ್ಣನ ಹೆಂಡತಿ, ನಮ್ಮ ವೈನಿ, ದೊನ್ನೆ ನೋಡಿ, "ಏನಿದು, ನಿಮ್ಮ ಬೆಂಗಳೂರು ಕೋಸಂಬರಿ?" ಎಂದಳು. ಎಲ್ಲರೂ ನಕ್ಕಿರಿ. ನಾನೂ ನಕ್ಕೆ. ಆಮೇಲೆ ನೀವೂ ಸೌತೆಕಾಯಿ ಆರಿಸಿಕೊಂಡಿರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಮಾಡುವ ಶಕ್ತಿಯನ್ನು ರಾಜಾಜಿನಗರದಲ್ಲೇ ಕಳೆದುಕೊಂಡು ಬಂದಿದ್ದೆ.

ನೀವೆಲ್ಲ ಹೋದ ಮೇಲೆ ಚಾಪೆ ಎತ್ತಲು ಕೂತೆ. ಕೈಗೆ ಬಂದ ದೊನ್ನೆಯಲ್ಲಿ ಬರೀ ಬಿಳಿ ಕೊಳವೆಗಳು. ಯಾರು ತಿಂದು ಬಿಟ್ಟದ್ದೋ ಗೊತ್ತಿಲ್ಲ, ನನ್ನ ಬೆರಳು ಅದರೊಳಗೆ ಹೋಗಿತ್ತು.

"ಏನ ಮಾಡ್ಲಿಕ್ಕತ್ತೀಯ?" ಅವ್ವ ಒಲೆಯ ಮುಂದಿನಿಂದ ಕೂಗಿದಳು. "ಎಂಜಲ ಅದು! ಬಿಡು!"

ಅಲ್ಲವ್ವಾ, ಊಟ ಎನ್ನಬೇಕಾಗಿತ್ತು. ದೊನ್ನೆಗಳನ್ನೆಲ್ಲ ಬಳಿದು, ಪಾತ್ರೆಯಲ್ಲಿ ಉಳಿದದ್ದನ್ನೂ ಸೇರಿಸಿ ಆಕಳಿಗೆ ಹಾಕಿ ಬಂದೆ. ಅದು ಸೌತೆಕಾಯಿ ಯಾವುದು, ಶ್ಯಾವಿಗೆ ಯಾವುದು ಎಂದು ನೋಡದೆ ಎಲ್ಲವನ್ನೂ ತಿಂದಿತು.