ವಿಜ್ಞಾನಿಯ ಮಗಳು, ಅವ್ವನ ಮಾತ್ರೆ

ಸವದತ್ತಿಯ ನಮ್ಮ ಮನೆಗೆ ಒಬ್ಬ ಜರ್ಮನ್ ವಿಜ್ಞಾನಿ ವರ್ಷಕ್ಕೊಮ್ಮೆ ತಪ್ಪದೆ ದಯಮಾಡಿಸುತ್ತಿದ್ದ. ಅಪ್ಪ ಹೈಸ್ಕೂಲಿನ ವಿಜ್ಞಾನ ಮಾಸ್ತರ. ಸಂಜೆ ಕಟ್ಟೆಯ ಮೇಲೆ ಹುಡುಗರಿಗೆ ಪಾಠ ಹೇಳುವಾಗ ರೋಗಾಣುಗಳ ಅಧ್ಯಾಯ ಬಂದರೆ, ಹೆಗಲ ಮೇಲಿನ ಟವೆಲ್ಲನ್ನು ಮಡಚಿಟ್ಟು, ಪುರಾಣಕ್ಕೆ ಕುಳಿತ ಶಾಸ್ತ್ರಿಗಳಂತೆ ಗಂಟಲು ಸರಿಮಾಡಿಕೊಂಡು ಅವನನ್ನು ಆವಾಹನೆ ಮಾಡುತ್ತಿದ್ದರು.

ಬಟ್ಟೆಯ ಬಣ್ಣಗಳನ್ನು ಒಂದೊಂದಾಗಿ ರೋಗ ಹತ್ತಿಸಿದ ಇಲಿಗಳ ಮೇಲೆ ಪರೀಕ್ಷಿಸುತ್ತಿದ್ದ ಆತನಿಗೆ ಕೊನೆಗೊಂದು ಕೆಂಪು ಬಣ್ಣ ದಕ್ಕಿತು. ಅದನ್ನು ಕೊಟ್ಟ ಇಲಿಗಳು ಬದುಕಿದವು. ಅಷ್ಟರಲ್ಲಿ ಅವನ ಮಗಳ ಕೈಗೆ ಸೂಜಿ ಚುಚ್ಚಿ ನಂಜಾಯಿತು. ಕೈ ಕತ್ತರಿಸಬೇಕೆಂದರು ಡಾಕ್ಟರರು.

"ಹಡದ ಅಪ್ಪ ಸುಮ್ಮನ ಕುಂಡ್ರತಾನೇನ್ರೋ? ಕೆಂಪು ಔಷಧ ಕೊಟ್ಟ. ಜ್ವರ ಇಳೀತು. ಕೈ ಉಳೀತು!"

ಇಲ್ಲಿಗೆ ಮಂಗಳ. ಬಾಗಿಲಲ್ಲಿ ನಿಂತ ಅವ್ವ ಪ್ರತಿವರ್ಷ ಕೇಳುತ್ತಿದ್ದಳು: "ಇಲಿಗೆ ಕೊಟ್ಟ, ಮಗಳಿಗೆ ಕೊಟ್ಟ. ಹೇಣ್ತಿಗೆ ಏನ ಕೊಟ್ಟನ್ರೀ ಆ ಪುಣ್ಯಾತ್ಮ?"

"ಕೀರ್ತಿ ಕೊಟ್ಟ."

"ಹಂಚಿನ ಮ್ಯಾಲ ಹಾಕಿದ್ರ ಉಬ್ಬತೈತೇನ್ರಿ ಅದು?"

ಅವ್ವನದೂ ಒಂದು ಔಷಧಾಲಯವಿತ್ತು: ಬಿಸ್ಕಿಟಿನ ತಗಡಿನ ಡಬ್ಬಿ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಇಳಿದ ಮರುಗಳಿಗೆ ಉಳಿದ ಮಾತ್ರೆಗಳು ಆ ಡಬ್ಬಿ ಸೇರುತ್ತಿದ್ದವು. ಮೊಸರಿಗೆ ಹೆಪ್ಪು ಕೇಳಲು ಬರುವಂತೆ ಓಣಿಯವರು ಮಾತ್ರೆ ಕೇಳಲು ಬರುತ್ತಿದ್ದರು. ಹೆಪ್ಪು ಇಲ್ಲವೆನ್ನಬಾರದು, ಮಾತ್ರೆಯೂ ಹಾಗೆಯೇ. ಅಪ್ಪ ಇದನ್ನು 'ನಮ್ಮ ಜಿಲ್ಲಾ ಆಸ್ಪತ್ರೆ' ಎಂದು ಕರೆದು ಗೌರವಿಸುತ್ತಿದ್ದರೇ ಹೊರತು ಬೇಡವೆಂದವರಲ್ಲ.

ತೊಂಬತ್ತರ ದಶಕದ ಒಂದು ಸುಗ್ಗಿಯಲ್ಲಿ ಹೂಲಿಯಲ್ಲಿದ್ದ ತನ್ನ ತಂಗಿಯ ಹೊಲಕ್ಕೆ ಹೋದ ಅವ್ವ, ಅಂಗಾಲಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡು ಬಂದಳು. ಕಾಲು ಬಾತು ಜ್ವರ ಏರಿತು. ಡಾಕ್ಟರರು ಮಾತ್ರೆ ಬರೆದುಕೊಟ್ಟರು. ಸುದ್ದಿ ತಿಳಿದು ನಾನು ಬೈಲಹೊಂಗಲದಿಂದ ಬರುವಷ್ಟರಲ್ಲಿ ಜ್ವರ ಬಿಟ್ಟು, ಅವ್ವ ಕುಂಟುತ್ತಲೇ ರೊಟ್ಟಿ ಬಡಿಯುತ್ತಿದ್ದಳು. ಮಾತ್ರೆಗಳು ಡಬ್ಬಿ ಸೇರಿದ್ದವು.

"ಇನ್ನೂ ಅದಾವಲ್ಲವ್ವಾ, ನುಂಗು," ಅಂದೆ.

"ಆರಾಮಾದಮ್ಯಾಲ ನುಂಗೂದಂದ್ರ ಹೊಟ್ಟಿ ತುಂಬಿದಮ್ಯಾಲ ಉಂಡಂಗ. ಎದುರುಮನಿ ಹುಡುಗಿಗೆ ಗಂಟಲಾ ಬಾತೈತಿ, ಅದಕ್ಕ ಬೇಕಾಗತಾವು."

ಅಪ್ಪ ನಕ್ಕರು. ನಾನೂ ನಕ್ಕೆ. ಆ ಹುಡುಗಿಯ ತಾಯಿ, ನಾವು ಚಿಗವ್ವ ಎಂದೇ ಕರೆಯುತ್ತಿದ್ದ ಎದುರುಮನೆಯಾಕೆ, ಬಟ್ಟಲು ಹಿಡಿದು ಬಂದು ಮಾತ್ರೆ ಒಯ್ದಳು.

ವಾರ ಕಳೆಯುವುದರೊಳಗೆ ಜ್ವರ ಮರಳಿತು. ಈ ಸಲ ಕಾಲಷ್ಟಕ್ಕೇ ನಿಲ್ಲದೆ ನಂಜು ಮೈತುಂಬ ಏರಿತ್ತು. ಧಾರವಾಡದ ದವಾಖಾನೆಯಲ್ಲಿ ಎಳೆಯ ಡಾಕ್ಟರೊಬ್ಬ ಕೇಳಿದ: "ಮೊದಲ ಕೊಟ್ಟ ಮಾತ್ರಿ ಪೂರಾ ತಗೊಂಡಿದ್ರೇನ್ರಿ?" ಕಟ್ಟೆಯ ಮೇಲೆ ತಾಸುಗಟ್ಟಲೆ ಮಾತಾಡುವ ಅಪ್ಪ, ಟವೆಲ್ಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು. ಅವ್ವನನ್ನು ನಾವು ಮನೆಗೆ ಕರೆತರಲಿಲ್ಲ, ಹೊತ್ತು ತಂದೆವು.

ಮಣ್ಣು ಮಾಡಿ ಬಂದ ಮೇಲೆ ಚಿಗವ್ವ ಬಂದಳು. ಕೈಯಲ್ಲಿ ಅದೇ ಬಟ್ಟಲು. ಅದರಲ್ಲಿ ಒಂದು ಹೆಂಟೆ ಬೆಲ್ಲ, ಪಕ್ಕದಲ್ಲಿ ಕಾಗದದ ಪುಡಿಕೆ.

"ಹುಡುಗಿ ಒಂದಽ ನುಂಗಿತ್ರಿ ಮಾಸ್ತರ, ಗಂಟಲಾ ಇಳೀತು. ಉಳದದ್ದು ಅಕ್ಕಗ ತಿರುಗಿ ಕೊಡಬೇಕಂತ ಇಟ್ಟಿದ್ದೆ. ಖಾಲಿ ಬಟ್ಟಲಾ ಹೆಂಗ ತರ್ಲಿ ಅಂತ ಬೆಲ್ಲಾ ಹಾಕೇನಿ..." ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅವಳು ತಪ್ಪು ಮಾಡಿರಲಿಲ್ಲ. ಓಣಿಯ ಶಿಷ್ಟಾಚಾರದಲ್ಲಿ ಎಲ್ಲರೂ ಪಾಸಾಗಿದ್ದೆವು. ಅಪ್ಪ ಬಟ್ಟಲನ್ನು ಎರಡೂ ಕೈಯಿಂದ ಇಸಿದುಕೊಂಡು, "ಕುಂಡ್ರವಾ ತಂಗಿ, ನೀರ ಕುಡಿ," ಅಂದರು.

ಮರುವರ್ಷ ವಿಜ್ಞಾನಿ ಮತ್ತೆ ಬಂದ. ಒಳಗೆ ಕೂತು ಕೇಳುತ್ತಿದ್ದೆ. ಬಣ್ಣ, ಇಲಿ, ಸೂಜಿ, ಎಲ್ಲ ಯಥಾಪ್ರಕಾರ. "ಜ್ವರ ಇಳೀತು," ಅಂದ ಅಪ್ಪ, ಮಂಗಳ ಹಾಡದೆ ಬಾಗಿಲ ಕಡೆ ನೋಡಿದರು. ಅಲ್ಲಿಂದ ಯಾರೂ ಏನೂ ಕೇಳಲಿಲ್ಲ.

"ಜ್ವರ ಇಳೀತಂತ ಆತ ಬಿಡಲಿಲ್ಲ. ಮಗಳ ಮುಂದಽ ಕುಂತ. ಅಕಿ ವಲ್ಲೆ ಅಂದ್ಳು. ಸಿಟ್ಟಿಗೆದ್ದ, ಕೈ ಮುಗದ. ಕಡೀ ಮಾತ್ರಿ ನುಂಗೂತನಕ ಮ್ಯಾಲ ಏಳಲಿಲ್ಲ."

ಇದು ಯಾವ ಪುಸ್ತಕದಲ್ಲೂ ಇಲ್ಲ. ಹುಡುಗರು ಬರೆದುಕೊಂಡರು.